ಪರದೆಯಾಚೆಯ ಉತ್ತರ

ಜೋಡಿ ಅರ್ಜಿ ಎಂದರೇನೆಂದು ಅವಳು ಅಪ್ಪನಿಗೆ ಬಿಡಿಸಿ ಹೇಳುವಷ್ಟರಲ್ಲಿ ದನ ಕಟ್ಟುವ ಹೊತ್ತಾಗಿತ್ತು. ಗಂಡ ಹೆಂಡತಿ ಇಬ್ಬರೂ ಡಾಕ್ಟರಾಗಿದ್ದು, ಮುಂದಿನ ತರಬೇತಿಗೆ ಒಬ್ಬೊಬ್ಬರಿಗೆ ಒಂದೊಂದು ವಿಭಾಗ ಬೇಕಿದ್ದರೆ, ಇಬ್ಬರ ಹೆಸರನ್ನೂ ಗಂಟು ಹಾಕಿ ಒಂದೇ ಅರ್ಜಿ ಕೊಡಬಹುದು. ಆಸ್ಪತ್ರೆಯವರು ತೆಗೆದುಕೊಂಡರೆ ಇಬ್ಬರನ್ನೂ ತೆಗೆದುಕೊಳ್ಳಬೇಕು. ಒಬ್ಬರು ಬೇಡವೆಂದರೆ ಇನ್ನೊಬ್ಬರೂ ಬೇಡವೆಂದೇ ಲೆಕ್ಕ. ಅಪ್ಪ ಹರೆಯದಿಂದಲೂ ಎತ್ತಿನ ವ್ಯಾಪಾರ ಮಾಡಿದವನು. ಹುಲ್ಲಿನ ಕಂತೆ ಬಿಚ್ಚುತ್ತಲೇ ಎಲ್ಲವನ್ನೂ ಕೇಳಿಸಿಕೊಂಡು, ಗೋದಲಿಗೆ ಹುಲ್ಲು ಉದುರಿಸಿ, ಕೊನೆಗೆ ಕೈ ಒದರಿಕೊಂಡ.

"ಅಂದ್ರೆ ಜೋಡೆತ್ತು ಮಾರೋ ಹಾಗೆ ಅನ್ನು."

"ಹೂಂ ಅಪ್ಪ. ಹೆಚ್ಚುಕಮ್ಮಿ ಹಾಗೇ."

"ಹಾಗಿದ್ರೆ ಅಳಿಯಂದಿರಿಗೂ ಹೇಳಿಡು. ಜೋಡಿ ಕೊಳ್ಳೋನು ಹಲ್ಲು ನೋಡಲ್ಲ, ಗೊರಸು ನೋಡಲ್ಲ. ನೊಗ ಇಟ್ಟು ಸ್ವಲ್ಪ ದೂರ ನಡೆಸ್ತಾನೆ. ಒಂದು ಎಳೆದು ಇನ್ನೊಂದು ನಿಂತ್ಕೊಂಡ್ರೆ, ಎರಡೂ ಮನೇಗೆ ವಾಪಸ್."

ಅಳಿಯ ಕೊಟ್ಟಿಗೆಯ ಬಾಗಿಲಲ್ಲಿ ಮುಖ ಒರೆಸಿಕೊಳ್ಳುತ್ತ ನಿಂತಿದ್ದ. "ಮಾವ, ಇದರಲ್ಲಿ ಹಾಯೋ ಎತ್ತು ಯಾವುದು ಅನ್ನೋದನ್ನೂ ಹೇಳಿಬಿಡಿ."

"ಅದು ನಮ್ಮನೇದೇ. ಮೂಗುದಾರ ಹಾಕೋಕಾಗದೆ ತಾನೇ ನಿಮಗೆ ಕೊಟ್ಟಿದ್ದು."

ಅವಳು ಕೈಗೆ ಸಿಕ್ಕ ಹುಲ್ಲನ್ನು ಇಬ್ಬರ ಮೇಲೂ ಎಸೆದಳು.

ಓದುವಾಗಿನಿಂದಲೂ ಗೆಳೆಯರು ಅವಳನ್ನು ಕತ್ತರಿ ಎಂದೂ ಅವನನ್ನು ಜೋಂಪು ಎಂದೂ ಕರೆಯುತ್ತಿದ್ದರು. ಅವಳಿಗೆ ಮೊದಲಿನಿಂದ ಆಪರೇಷನ್ನಿನ ಹುಚ್ಚು. ಅವನಿಗೆ ರೋಗಿಯನ್ನು ನಿದ್ದೆಗೆ ಕಳಿಸಿ, ಕಾವಲು ಕೂತು, ಮತ್ತೆ ಎಚ್ಚರಕ್ಕೆ ತಂದುಬಿಡುವ ಅರಿವಳಿಕೆಯ ವಿದ್ಯೆ. ಮದುವೆಯಾದ ಮೇಲೆ ಇಬ್ಬರಿಗೂ ಹಳ್ಳಿಯ ಆಸ್ಪತ್ರೆಗಳಲ್ಲೇ ಕೆಲಸ ಸಿಕ್ಕಿತು, ಆದರೆ ಬೇರೆ ಬೇರೆ ಹಳ್ಳಿಗಳಲ್ಲಿ. ಅವನಿದ್ದ ಊರಿನಿಂದ ಅವಳಿದ್ದ ಊರಿಗೆ ಬಸ್ಸು ಹೊಳೆ ಬಳಸಿಕೊಂಡು ಬರುತ್ತಿತ್ತು. ರಜೆಯ ದಿನ ಮಧ್ಯಾಹ್ನ ಬಂದಿಳಿದು, ಊಟ ಮಾಡಿ, ಒಗೆದ ಬಟ್ಟೆ ಮಡಚುವ ಹೊತ್ತಿಗೆ ಹಿಂತಿರುಗುವ ಬಸ್ಸಿನ ಹಾರ್ನು ಕೇಳಿಸುತ್ತಿತ್ತು. ಅವಳ ಮನೆಯ ಗೂಟದಲ್ಲಿ ಅವನದೊಂದು ಅಂಗಿ ಸದಾ ತೂಗುತ್ತಿತ್ತು. ನೆರೆಯ ಅಜ್ಜಿ, "ನಿನ್ನ ಗಂಡನಿಗಿಂತ ಈ ಅಂಗೀನೇ ಹೆಚ್ಚು ದಿನ ಬಾಳ್ವೆ ಮಾಡಿದೆಯಲ್ಲೇ ತಾಯಿ" ಎಂದು ನಗುತ್ತಿದ್ದಳು. ಆಗ ಅವಳೂ ನಗುತ್ತಿದ್ದಳು. ಬಾಗಿಲು ಹಾಕಿಕೊಂಡ ಮೇಲೆ ನಗು ಬರುತ್ತಿರಲಿಲ್ಲ. ಜೋಡಿ ಅರ್ಜಿ ಕೈಗೂಡದೆ ಹೋದರೆ ಇದೇ ಬಾಳ್ವೆ ಇನ್ನೂ ಕೆಲವು ವರ್ಷ ಮುಂದುವರಿಯುವುದಿತ್ತು.

ಕೈಗೂಡುವ ಭರವಸೆ ಹೆಚ್ಚಿದ್ದ ಆಸ್ಪತ್ರೆ ಒಂದೇ ಇತ್ತು. ಗುಡ್ಡದ ತಪ್ಪಲಿನಲ್ಲಿದ್ದ ಹಳೆಯ ಕಲ್ಲಿನ ಕಟ್ಟಡ. ಅಲ್ಲಿ ಎರಡೂ ವಿಭಾಗಗಳಲ್ಲಿ ಜಾಗ ಖಾಲಿಯಿತ್ತು. ಅವರು ಸಂದರ್ಶನವೆಂದು ಕೂರಿಸಿ ಪ್ರಶ್ನೆ ಕೇಳುತ್ತಿರಲಿಲ್ಲ. ಒಂದು ದಿನ ಬಂದು ನಮ್ಮ ಜೊತೆ ಆಪರೇಷನ್ ಥಿಯೇಟರಿನಲ್ಲಿ ನಿಲ್ಲಿ, ನಾವೂ ನಿಮ್ಮನ್ನು ನೋಡುತ್ತೇವೆ, ನೀವೂ ನಮ್ಮನ್ನು ನೋಡಿ ಎಂದು ಕರೆಸುತ್ತಿದ್ದರು. ಮಾವ ಹೇಳಿದ ನೊಗ ಇದೇ ಎಂದು ಅವನು ಹೆಂಡತಿಗೆ ಹೇಳಿದ.

ಆ ದಿನ ಬೆಳಿಗ್ಗೆ ಲಾಡ್ಜಿನ ಕೋಣೆಯಲ್ಲಿ ಇಬ್ಬರಿಗೂ ಜಗಳವಾಯಿತು. ಇಷ್ಟದ ಕ್ರಮದಲ್ಲಿ ಆಸ್ಪತ್ರೆಗಳ ಹೆಸರು ಬರೆದುಕೊಡಬೇಕಿದ್ದ ಪಟ್ಟಿಯಲ್ಲಿ ಈ ಆಸ್ಪತ್ರೆಯನ್ನು ಮೊದಲು ಬರೆಯಲು ಅವನಿಗೆ ಒಪ್ಪಿಗೆಯಿತ್ತು. ಒಂದೇ ಆಪರೇಷನ್ ಟೇಬಲ್ಲಿಗೆ ತಮ್ಮಿಬ್ಬರನ್ನೂ ಹಾಕಿ ಎಂದು ಕೇಳಿಕೊಳ್ಳಲು ಮಾತ್ರ ಇಷ್ಟವಿರಲಿಲ್ಲ.

"ದಿನಾ ನನ್ನ ಮುಖ ನೋಡೋಕೆ ಬೇಜಾರಾ?" ಎಂದಳು.

"ಮುಖ ಎಲ್ಲಿ ಕಾಣುತ್ತೆ, ಮಾಸ್ಕ್ ಇರುತ್ತಲ್ಲ."

"ತಮಾಷೆ ಬೇಡ."

"ಮನೇದೆಲ್ಲ ಅಲ್ಲಿಗೂ ಬರುತ್ತೆ ಕಣೇ. ಮಲಗಿರೋನು ಮೂರನೆಯವನು. ಅವನ ತಲೆ ಮೇಲೆ ನಮ್ಮ ಸಂಸಾರ ಯಾಕೆ?"

"ಒಂದೇ ಟೇಬಲ್ಲಲ್ಲಿ ನಿಲ್ಲಬೇಕು ಅಂತ ತಾನೇ ಇಷ್ಟು ವರ್ಷ ಆಸೆಪಟ್ಟಿದ್ದು! ನಾನೊಬ್ಬಳೇ ಪಟ್ಟಿದ್ದಾ ಹಾಗಾದ್ರೆ?"

ಅದಕ್ಕೆ ಅವನು ಉತ್ತರ ಕೊಡಲಿಲ್ಲ. ಸಿಟ್ಟು ಬಂದರೆ ಅವನು ಕೂಗುತ್ತಿರಲಿಲ್ಲ, ಬಾಗಿಲು ಬಡಿಯುತ್ತಿರಲಿಲ್ಲ. ತಡವಾಗಿ ಉತ್ತರ ಕೊಡುತ್ತಿದ್ದ, ಅಷ್ಟೇ. ಕೇಳಿದ ಮಾತು ಬಾವಿಗೆ ಬಿದ್ದ ಕೊಡದ ಹಾಗೆ ಒಳಗೆಲ್ಲೋ ಇಳಿದುಹೋಗಿ, ಕೇಳಿದವರು ಕಾದು ಸಾಕಾದ ನಂತರ ಮೇಲೆ ಬರುತ್ತಿತ್ತು. ಕೋಣೆ ಬಿಡುವಾಗ ಅವಳು, "ಬೀಗ ಹಾಕಿದ್ಯಾ?" ಎಂದು ಕೇಳಿದಳು. ಮೆಟ್ಟಿಲು ಇಳಿದು, ಹೂವಿನ ಕುಂಡಗಳನ್ನು ದಾಟಿ, ಬೀದಿಗೆ ಬಂದ ಮೇಲೆ ಅವನು, "ಹಾಕಿದೀನಿ" ಎಂದ. ಅವಳು ತುಟಿ ಕಚ್ಚಿ ನಗು ತಡೆದುಕೊಂಡಳು. ಈ ಕೋಪ ಅವಳಿಗೆ ಹಳೆಯ ಪರಿಚಯ.

ಥಿಯೇಟರಿನಲ್ಲಿ ಅಂದು ಹೊಟ್ಟೆಯ ಆಪರೇಷನ್ನಿತ್ತು. ಮಾಡುವವರು ಆ ಆಸ್ಪತ್ರೆಯ ದೊಡ್ಡ ಡಾಕ್ಟರು. ಇವರಿಬ್ಬರನ್ನು ತೆಗೆದುಕೊಳ್ಳಬೇಕೋ ಬಿಡಬೇಕೋ ಎನ್ನುವುದೂ ಅವರ ಕೈಯಲ್ಲೇ ಇತ್ತು. ಎತ್ತರದ ಆಳು, ಕತ್ತು ಮಾತ್ರ ಬಾಗಿ ಬಾಗಿ ಹಾಗೇ ನಿಂತುಬಿಟ್ಟಿತ್ತು. ಅವಳನ್ನು ತಮ್ಮ ಪಕ್ಕದಲ್ಲಿ ನಿಲ್ಲಿಸಿಕೊಂಡರು. ಅವನು ರೋಗಿಯ ತಲೆಯ ಕಡೆ, ಅರಿವಳಿಕೆಯ ಡಾಕ್ಟರ ಬಳಿ ನಿಂತ. ನಡುವೆ ಕಂಬಿಗೆ ಸಿಕ್ಕಿಸಿದ ಹಸಿರು ಬಟ್ಟೆಯ ಪರದೆ. ಈಚೆಯವರಿಗೆ ಹೊಟ್ಟೆ ಮಾತ್ರ, ಆಚೆಯವರಿಗೆ ಮುಖ ಮಾತ್ರ. ಪರದೆಯಾಚೆ, ಯಂತ್ರದ ಪಕ್ಕದಲ್ಲಿ, ಒಂದು ಮರದ ಸ್ಟೂಲಿತ್ತು. ಅಲ್ಲಿನ ಉಳಿದ ಸಾಮಾನುಗಳೆಲ್ಲ ಉಕ್ಕಿನವು. ಕೂರಲು ಬೇರೆ ಜಾಗವಿರದಿದ್ದರೂ ಅರಿವಳಿಕೆಯ ಡಾಕ್ಟರು ಅದರ ಮೇಲೆ ಕೂರದೆ ನಿಂತೇ ಇದ್ದರು.

ಸ್ವಲ್ಪ ಹೊತ್ತಿಗೆ ದೊಡ್ಡ ಡಾಕ್ಟರು ತಲೆಯೆತ್ತದೆ ಕೇಳಿದರು. "ಅಲ್ಲಿ ಹೇಗಿದೆ?"

ಯಾರೂ ಮಾತಾಡಲಿಲ್ಲ. ದೊಡ್ಡ ಡಾಕ್ಟರ ಕೈ ನಿಂತಿತ್ತು. ಉಪಕರಣ ಕೊಡುತ್ತಿದ್ದ ಹಿರಿಯ ಸಿಸ್ಟರು ತಟ್ಟೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಿದ್ದರು. ಯಂತ್ರ ಉಸಿರು ಎಳೆದು ಬಿಡುವ ಸದ್ದು ಮಾತ್ರ ಇತ್ತು. ಆಮೇಲೆ ಅರಿವಳಿಕೆಯ ಡಾಕ್ಟರು ಮೆಲ್ಲಗೆ, "ಚೆನ್ನಾಗಿದೆ ಸರ್" ಎಂದರು. ಕೈಗಳು ಮತ್ತೆ ಓಡಾಡತೊಡಗಿದವು.

ಅರಿವಳಿಕೆಯ ಡಾಕ್ಟರ ಕಿವಿ ಮಂದವಿರಬೇಕು ಎಂದುಕೊಂಡಳು ಅವಳು. ಆದರೆ ಮತ್ತೆ ಕೇಳಿದಾಗಲೂ ಹಾಗೇ ಆಯಿತು. ಪ್ರಶ್ನೆ, ಮೌನ, ಆಮೇಲೆ ಉತ್ತರ. ಆ ಮೌನದಲ್ಲಿ ಕೋಣೆಯೊಳಗೆ ಇನ್ನೊಬ್ಬರಿಗೆ ದಾರಿ ಬಿಟ್ಟುಕೊಟ್ಟ ಹಾಗೆ ಎಲ್ಲರೂ ಮೈ ಹಿಡಿದುಕೊಂಡು ನಿಲ್ಲುತ್ತಿದ್ದರು. ಅವಳು ಪರದೆಯ ಮೇಲಿಂದ ಗಂಡನ ಕಣ್ಣು ಹುಡುಕಿದಳು. ಅವನು ಇತ್ತ ನೋಡುತ್ತಿರಲಿಲ್ಲ. ಅವನ ಕಣ್ಣು ಯಂತ್ರದ ಅಂಕಿಗಳ ಮೇಲಿತ್ತು.

ಕರುಳನ್ನು ಸರಿಸಿ ಒಳಗಿನ ಒಂದು ಗಂಟನ್ನು ಬಿಡಿಸುವಾಗ ದೊಡ್ಡ ಡಾಕ್ಟರು ಮತ್ತೆ ಕೇಳಿದರು. "ಅಲ್ಲಿ ಹೇಗಿದೆ?"

ಅರಿವಳಿಕೆಯ ಡಾಕ್ಟರು ಬೆನ್ನು ತಿರುಗಿಸಿ ಸಿರಿಂಜಿಗೆ ಮದ್ದು ತುಂಬುತ್ತಿದ್ದರು. ಮೌನ ಇನ್ನೇನು ಕೂರಬೇಕು,

"ಬೀಳ್ತಾ ಇದೆ ಸರ್" ಎಂದ ಅವನು. ಪ್ರಶ್ನೆಯ ಬಾಲಕ್ಕೇ ಅಂಟಿಕೊಂಡ ಹಾಗೆ ಬಂತು ಅವನ ದನಿ. "ಬಿಪಿ ಬೀಳ್ತಾ ಇದೆ. ನಾಡಿ ಏರ್ತಾ ಇದೆ. ಅಲ್ಲಿ ಎಲ್ಲೋ ರಕ್ತ ಹೋಗ್ತಿದೆ, ನೋಡಿ."

ಹಿರಿಯ ಸಿಸ್ಟರ ಕೈಯಿಂದ ಒಂದು ಇಕ್ಕಳ ತಟ್ಟೆಗೆ ಬಿತ್ತು. ದೊಡ್ಡ ಡಾಕ್ಟರು ಅಷ್ಟು ಹೊತ್ತಿನಲ್ಲಿ ಮೊದಲ ಬಾರಿ ತಲೆಯೆತ್ತಿ ಪರದೆಯತ್ತ ನೋಡಿದರು. ಅವರು ನೋಡಿದ್ದು ಇವನನ್ನಲ್ಲ. ಪರದೆಯ ಆ ಮೂಲೆಯಲ್ಲಿ, ಸ್ಟೂಲಿನ ಮೇಲೆ ಯಾರಾದರೂ ಕೂತಿದ್ದರೆ ಅವರ ತಲೆ ಎಷ್ಟು ಎತ್ತರಕ್ಕೆ ಬರುತ್ತಿತ್ತೋ ಅಷ್ಟು ಎತ್ತರವನ್ನು. ಮರುಕ್ಷಣ ಬಗ್ಗಿ, ಕರುಳಿನ ಹಿಂದೆ ಬೆರಳು ತೂರಿಸಿ, "ಇಲ್ಲಿದೆ. ಒತ್ತಿ ಹಿಡೀಮ್ಮ" ಎಂದು ಅವಳಿಗೆ ಹೇಳಿದರು. ಅವಳು ಒತ್ತಿ ಹಿಡಿದಳು. ರಕ್ತ ನಿಂತಿತು. ರೋಗಿ ಉಳಿದ. ಆದರೆ ಆಪರೇಷನ್ ಮುಗಿಯುವವರೆಗೂ ದೊಡ್ಡ ಡಾಕ್ಟರು ಇನ್ನೊಮ್ಮೆ ಆ ಪ್ರಶ್ನೆ ಕೇಳಲಿಲ್ಲ.

ಹೊರಗೆ ಬಟ್ಟೆ ಬದಲಿಸುವಲ್ಲಿ ಅರಿವಳಿಕೆಯ ಡಾಕ್ಟರು ಇವನ ಬಳಿ ಬಂದು, "ನಿಮ್ಮದು ತಪ್ಪಲ್ಲ ಬಿಡಿ" ಎಂದು ಹೊರಟುಹೋದರು. ಹಾಗೆ ಹೇಳಿದ್ದರಿಂದಲೇ ಅವನಿಗೆ ದಿಗಿಲಾಯಿತು.

ಚಹಾ ಕುಡಿಯುವ ಕೋಣೆಗೆ ಇಬ್ಬರೂ ಬಂದು ಕೂತರು. ಕಿಟಕಿಯಾಚೆ ಆಸ್ಪತ್ರೆಯ ಬಟ್ಟೆಗಳು ಹಗ್ಗದ ಮೇಲೆ ಒಣಗುತ್ತಿದ್ದವು. ಹಿರಿಯ ಸಿಸ್ಟರು ಬಂದು ಎದುರಿಗೆ ಕೂತು, ಲೋಟ ಮುಂದಿಟ್ಟುಕೊಂಡು, ಕುಡಿಯದೆ ಅದರ ಬಾಯನ್ನೇ ಬೆರಳಿನಿಂದ ಸವರುತ್ತಿದ್ದರು.

"ಅಕ್ಕಾ, ಏನಾಯ್ತು ಅಲ್ಲಿ? ಕೆಲಸ ಕೆಟ್ಟಿತಾ ನಮ್ಮದು?" ಎಂದು ಅವಳೇ ಕೇಳಿದಳು.

"ಕೆಟ್ಟಿತೋ ಇಲ್ವೋ ನನಗೇನು ಗೊತ್ತು ಮಗಾ. ಆ ಥಿಯೇಟರಲ್ಲಿ ಆ ಪ್ರಶ್ನೆಗೆ ಯಾರೂ ಹಾಗೆ ತಟ್ಟನೆ ಉತ್ತರ ಕೊಟ್ಟಿರಲಿಲ್ಲ." ಸಿಸ್ಟರು ಬಾಗಿಲತ್ತ ನೋಡಿ ದನಿ ತಗ್ಗಿಸಿದರು. "ಆ ಸ್ಟೂಲು ನಮ್ಮ ಡಾಕ್ಟರಮ್ಮಂದು. ದೊಡ್ಡ ಡಾಕ್ಟರ ಹೆಂಡತಿ. ಅರಿವಳಿಕೆ ಅವರದು, ಕತ್ತರಿ ಇವರದು. ನಿಮ್ಮ ಹಾಗೇ."

ಅವನು ಲೋಟ ಕೆಳಗಿಟ್ಟ.

"ಮನೇಲಿ ಏನಾದ್ರೂ ಮಾತಿಗೆ ಮಾತು ಬೆಳೆದಿದ್ರೆ, ಅಮ್ಮ ಇಲ್ಲಿ ಬಂದು ಕೂಗಾಡ್ತಿರಲಿಲ್ಲ. ಇವರು ಪರದೆಯ ಈಚೆಯಿಂದ 'ಅಲ್ಲಿ ಹೇಗಿದೆ' ಅಂತ ಕೇಳಿದ್ರೆ, ಬೇಕಂತಲೇ ಒಂದು ಗಳಿಗೆ ಬಿಟ್ಟು ಹೇಳೋರು. ರೋಗಿಗೆ ತೊಂದರೆ ಇದ್ರೆ ಬಿಡ್ತಿರಲಿಲ್ಲ, ಎಲ್ಲ ಸರಿ ಇದ್ದಾಗ ಮಾತ್ರ. ಇವರು ಕಾಯ್ತಾ ನಿಂತ್ಕೊಳ್ಳೋರು, ಶಾಲೆ ಹುಡುಗನ ಹಾಗೆ. ನಮಗೆಲ್ಲ ಅದೊಂದು ಮೋಜು. ಇವತ್ತು ಮನೇಲಿ ಏನೋ ಆಗಿದೆ ಅಂತ ಮಾಸ್ಕ್ ಒಳಗೇ ನಗೋದು."

ಅವಳಿಗೆ ಬೀಗದ ನೆನಪಾಯಿತು. ಗಂಡನತ್ತ ನೋಡಲಾಗಲಿಲ್ಲ.

"ಆ ದಿನ ಬರ್ತಾನೇ ನನ್ನ ಹತ್ರ ಹೇಳಿದ್ರು. 'ಸಿಸ್ಟರ್, ಇವತ್ತು ಇವರನ್ನ ಚೆನ್ನಾಗಿ ಕಾಯಿಸ್ತೀನಿ ನೋಡ್ತಿರಿ' ಅಂತ. ಏನು ಜಗಳಾನೋ. ಮನೆ ಕಿಟಕಿಯ ಪರದೆ ಬಟ್ಟೆ ಬಣ್ಣದ ಮೇಲೆ ಅಂತ ನೆನಪು. ಸಣ್ಣ ಆಪರೇಷನ್ನು. ಸೊಂಟದ ಕೆಳಗೆ ಮಾತ್ರ ಮರಗಟ್ಟಿಸಿದ್ದು, ರೋಗಿಗೆ ಎಚ್ಚರ ಇತ್ತು. ಇವರು ಕೇಳಿದ್ರು. ಅಮ್ಮ ಮಾತಾಡಲಿಲ್ಲ. ನಾವು ನಕ್ಕೆವು. ಇವರು ಮತ್ತೆ ಕೇಳಿದ್ರು. ಉತ್ತರ ಇಲ್ಲ. 'ಆಯ್ತು ಮಾರಾಯ್ತಿ, ನಿನ್ನ ಬಣ್ಣಾನೇ ಇರಲಿ' ಅಂದ್ರು. ಆಗಂತೂ ಎಲ್ಲರೂ ಬಾಯ್ಬಿಟ್ಟು ನಕ್ಕೆವು. ಆಗ ಮಲಗಿದ್ದ ರೋಗಿ ಹೇಳ್ತಾನೆ, 'ಡಾಕ್ಟರಮ್ಮ ನಿದ್ದೆ ಹೋಗಿದ್ದಾರೆ' ಅಂತ." ಸಿಸ್ಟರು ನಿಲ್ಲಿಸಿದರು. "ಅದಕ್ಕೂ ನಕ್ಕೆವು ಮಗಾ. ಅದಕ್ಕೂ."

ಹೊರಗೆ ಗಾಳಿಗೆ ಒಂದು ಹಸಿರು ಬಟ್ಟೆ ಹಗ್ಗದ ಮೇಲೆ ಮಗುಚಿಕೊಂಡಿತು.

"ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ಗೋಡೆಗೆ ಒರಗಿಕೊಂಡು ಕೂತ ಹಾಗೇ ಹೋಗಿಬಿಟ್ಟಿದ್ರು. ಮೊದಲನೇ ಸಲ ಕೇಳಿದಾಗಲೇ ಹೋಗಿ ನೋಡಿದ್ರೂ ಏನೂ ಮಾಡೋಕಾಗ್ತಿರಲಿಲ್ಲ ಅಂತ ದೊಡ್ಡ ದೊಡ್ಡೋರೆಲ್ಲ ಬಂದು ಹೇಳಿದ್ರು. ಇರಬಹುದು. ಆವತ್ತಿಂದ ಇವರು ಕೇಳಿ ಕಾಯ್ತಾರೆ. ಕಾಯಿರಿ ಅಂತ ನಮಗೆ ಯಾರೂ ಹೇಳಲಿಲ್ಲ. ನಾವೂ ಕಾಯ್ತೀವಿ."

ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡ ಡಾಕ್ಟರು ಕಾಣಿಸಿಕೊಂಡರು. ಸಿಸ್ಟರು ಎದ್ದು ಲೋಟ ತೊಳೆಯಲು ಹೋದರು. ಅವರು ಬಂದು ಸಿಸ್ಟರ ಕುರ್ಚಿಯಲ್ಲೇ ಕೂತು, ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿದರು. ಹತ್ತಿರದಿಂದ ಅವರ ಕಣ್ಣು ಕೆಂಪಾಗಿರುವುದು ಕಾಣುತ್ತಿತ್ತು.

"ಒತ್ತಿ ಹಿಡಿದಿದ್ದು ಚೆನ್ನಾಗಿತ್ತು" ಎಂದರು ಅವಳಿಗೆ. ಆಮೇಲೆ ಅವನ ಕಡೆ ತಿರುಗಿದರು. "ನೀವು ಹೇಳಿದ್ದು ಸರಿ. ನಾನು ಕಾದಿದ್ದರೆ ಆ ರೋಗಿಗೆ ಕಷ್ಟ ಆಗ್ತಿತ್ತು. ಇನ್ಮೇಲೆ ಎಲ್ಲರೂ ಹಾಗೇ ಹೇಳಿ ಅಂತ ಹೇಳಿ ಬಂದೆ. ಕೇಳಿದ ಕೂಡಲೇ ಹೇಳಲಿ. ಕಾಯೋದು ಇದ್ದೇ ಇದೆ, ನಾನು ಆಮೇಲೆ ಕಾದ್ಕೊಳ್ತೀನಿ."

ಅವರು ಕುರ್ಚಿಯನ್ನು ಮೇಜಿನತ್ತ ಸ್ವಲ್ಪ ಎಳೆದುಕೊಂಡರು.

"ಒಂದೇ ಟೇಬಲ್ ಬೇಕು ಅಂತ ಕೇಳೋಣ ಅಂದ್ಕೊಂಡು ಬಂದಿದ್ದೀರಿ, ಅಲ್ವಾ? ಜೋಡಿಯಾಗಿ ಬರೋರೆಲ್ಲ ಅದನ್ನೇ ಕೇಳ್ತಾರೆ."

"ಹೌದು ಸರ್" ಎಂದಳು ಅವಳು.

"ಬೆಳಿಗ್ಗೆ ಜಗಳ ಆಡಿದ್ರಾ?"

ಅವಳು ಗಂಡನ ಮುಖ ನೋಡಿದಳು. ಅವನು, "ಹೂಂ ಸರ್" ಎಂದ.

"ಆದ್ರೂ ಅಲ್ಲಿ ತಕ್ಷಣ ಉತ್ತರ ಕೊಟ್ರಿ."

"ಕೇಳಿದ್ದು ನೀವು ಸರ್."

"ಕೇಳಿದ್ದು ಇವರಾಗಿದ್ದರೆ?"

ಅವನು ಬಾಯಿ ತೆರೆದ. ತಕ್ಷಣ ಕೊಡುತ್ತಿದ್ದೆ ಎನ್ನುವ ಮಾತು ನಾಲಿಗೆಯ ಮೇಲೆಯೇ ಇತ್ತು. ಅದು ಸುಳ್ಳೂ ಆಗಿರಲಿಲ್ಲ. ಬೀಳುತ್ತಿರುವ ಬಿಪಿಯನ್ನು ಅವನು ಯಾರಿಂದಲೂ ಮುಚ್ಚಿಡುವವನಲ್ಲ. ಆದರೆ ಎಲ್ಲ ಸರಿಯಿದ್ದಾಗ? ರೋಗಿ ಸುಖವಾಗಿ ಮಲಗಿದ್ದು, ಬೆಳಗಿನ ಮಾತು ಎದೆಯಲ್ಲಿ ಇನ್ನೂ ಚುಚ್ಚುತ್ತಿದ್ದಾಗ, ಪರದೆಯಾಚೆಯಿಂದ ಅವಳ ದನಿ ಬಂದರೆ? ಅವನು ಯೋಚಿಸುತ್ತಿದ್ದ. ಯೋಚಿಸುತ್ತಿರುವುದು ಕೋಣೆಗೆಲ್ಲ ಕೇಳಿಸುತ್ತಿತ್ತು. ನಲ್ಲಿಯ ಬಳಿ ಸಿಸ್ಟರು ಲೋಟ ತೊಳೆಯುವುದನ್ನು ನಿಲ್ಲಿಸಿದರು. ಅವಳು ಮೇಜಿನ ಅಂಚನ್ನು ಹಿಡಿದುಕೊಂಡಿದ್ದಳು.

"ಸಾಕು ಬಿಡಿ, ಹೇಳೋದು ಬೇಡ" ಎಂದರು ದೊಡ್ಡ ಡಾಕ್ಟರು, ಮಗುವನ್ನು ಸಮಾಧಾನ ಮಾಡುವವರ ಹಾಗೆ. "ನೀವು ಸುಳ್ಳು ಹೇಳೋರಲ್ಲ, ಗೊತ್ತಾಯ್ತು. ಇಬ್ಬರಿಗೂ ಇಲ್ಲಿ ಜಾಗ ಇದೆ. ನನ್ನ ಕಡೆಯಿಂದ ಒಪ್ಪಿಗೆ. ಆದ್ರೆ ನಾನಿರೋವರೆಗೂ ಒಂದೇ ಟೇಬಲ್ಲಿಗೆ ಹಾಕಲ್ಲ. ಅದು ಬೇಕೇ ಬೇಕು ಅನ್ನೋದಾದ್ರೆ ಬೇರೆ ಕಡೆ ಮೊದಲು ಬರೀರಿ. ನನಗೇನೂ ಬೇಜಾರಿಲ್ಲ."

ಎದ್ದು ನಿಂತು, ಬಾಗಿಲವರೆಗೆ ಹೋಗಿ, ಅವಳ ಕಡೆ ತಿರುಗಿದರು. "ನೀಲಿ" ಎಂದರು. "ಅವಳು ಕೇಳಿದ ಬಣ್ಣ. ಈಗಲೂ ಮನೆ ಕಿಟಕಿಗೆ ಅದೇ ಹಾಕ್ಸಿದೀನಿ."

ಬಸ್ಸು ಹೊಲಗಳ ನಡುವೆ ಸಾಗುತ್ತಿತ್ತು. ಕಟಾವಾದ ಹೊಲಗಳಲ್ಲಿ ಕೂಳೆ ಮಾತ್ರ ಉಳಿದಿತ್ತು. ಅಲ್ಲೊಂದು ಇಲ್ಲೊಂದು ಕೊಕ್ಕರೆ. ಒಂದೇ ಟೇಬಲ್ಲಿನ ಆಸೆ ಅವಳದು. ಬಿಡುವುದಾದರೆ ಅವಳೇ ಬಿಡಬೇಕಿತ್ತು. ಓದುವಾಗ ರಾತ್ರಿಯೆಲ್ಲ ಕೂತು ಕಟ್ಟಿದ ಚಿತ್ರ ಅದು: ಪರದೆಯ ಈಚೆ ಅವಳು, ಆಚೆ ಅವನು, ನಡುವೆ ಬದುಕಿ ಎದ್ದುಹೋಗುವ ಒಂದು ಜೀವ. ಈಗ ಅದನ್ನು ನೆನೆದರೆ ಪರದೆಯಾಚೆ ಒಂದು ಮರದ ಸ್ಟೂಲು ಮಾತ್ರ ಕಾಣುತ್ತಿತ್ತು. ಅದರ ಮೇಲೆ ಯಾರಿದ್ದಾರೆಂದು ಈಚೆಯಿಂದ ಕಾಣುತ್ತಿರಲಿಲ್ಲ.

"ಇದನ್ನೇ ಮೊದಲು ಬರೆಯೋಣ್ವಾ?" ಎಂದಳು ಕೊನೆಗೆ.

"ಬರೆಯೋಣ" ಎಂದ. ತಕ್ಷಣ ಎಂದ.

ಆಮೇಲೂ ಇಬ್ಬರೂ ಒಂದು ಗಳಿಗೆ ಸುಮ್ಮನಿದ್ದರು. ಉತ್ತರ ಬಂದಾಗಿತ್ತು, ಆದರೂ ಇನ್ನಾರೋ ಹೇಳುವುದು ಬಾಕಿಯಿದೆ ಎನ್ನುವ ಹಾಗೆ ಕಾಯುತ್ತಿದ್ದರು.

ಅವರ ಜೋಡಿ ಆಯ್ಕೆಯಾಯಿತು. ಸುದ್ದಿ ಕೇಳಿ ಅಪ್ಪ, "ಒಳ್ಳೇ ಕೈಗೆ ಹೋಯ್ತು ಬಿಡು ಜೋಡಿ" ಎಂದು ಫೋನಿನಲ್ಲೇ ನಕ್ಕ. ನೆರೆಯ ಅಜ್ಜಿ ಗೂಟದ ಮೇಲಿದ್ದ ಅಂಗಿಯನ್ನು ತಾನೇ ಮಡಚಿ ಚೀಲಕ್ಕೆ ಹಾಕಿ, "ಇನ್ನು ಇದಕ್ಕೆ ವಿಶ್ರಾಂತಿ" ಎಂದಳು. ಆಸ್ಪತ್ರೆಯ ಹಿಂದೆ ಅವರಿಗೆ ಚಿಕ್ಕದೊಂದು ಮನೆ ಸಿಕ್ಕಿತು. ಅವಳದು ಒಂದು ಥಿಯೇಟರು, ಅವನದು ಗೋಡೆಯಾಚೆ ಇನ್ನೊಂದು. ಅವಳು ದೊಡ್ಡ ಡಾಕ್ಟರ ಪಕ್ಕ ನಿಲ್ಲುತ್ತಿದ್ದಳು. ಅವರು ಕೇಳುತ್ತಿದ್ದರು, ಕೂಡಲೇ ಉತ್ತರ ಬರುತ್ತಿತ್ತು. ಬಂದ ಮೇಲೂ ಅವರ ಕೈ ಒಂದಿಷ್ಟು ಹೊತ್ತು ಹಾಗೇ ನಿಂತಿರುತ್ತಿತ್ತು. ಅವಳೂ ನಿಲ್ಲುವುದನ್ನು ಕಲಿತಳು.

ಜಗಳವೂ ಅವರ ಜೊತೆಗೇ ಬಂದು ಆ ಮನೆಯಲ್ಲಿ ನೆಲೆಸಿತು. ಒಂದು ರಜೆಯ ದಿನ ಬೆಳಿಗ್ಗೆ ಯಾವುದೋ ಸಣ್ಣ ಮಾತಿಗೆ ಅವನಿಗೆ ಸಿಟ್ಟು ಬಂತು. ಹೋಗಿ ಒಳಕೋಣೆಯ ಕಿಟಕಿಯ ಬಳಿ ಕೂತ. ಅವಳು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಕೇಳಿದಳು.

"ಹಿಂದಿನ ಬಾಗಿಲು ಹಾಕಿದ್ಯಾ?"

ಹಾಕಿದ್ದ. ಹೇಳಲು ಏನೂ ಕಷ್ಟವಿರಲಿಲ್ಲ. ಹಳೆಯ ಅಭ್ಯಾಸ, ಮಾತು ಒಳಗೆ ಇಳಿಯಿತು, ಅವನು ಇಳಿಯಲು ಬಿಟ್ಟ. ಅಡುಗೆಮನೆಯಲ್ಲಿ ನಲ್ಲಿ ನಿಂತದ್ದು ಕೇಳಿಸಿತು. ಪಾತ್ರೆ ಕೆಳಗೆ ಬಿದ್ದದ್ದು ಕೇಳಿಸಿತು. ಆಮೇಲೆ ಓಡಿ ಬರುವ ಹೆಜ್ಜೆಗಳು.

ಅವಳು ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಹಾಕಿದೀನಿ" ಎಂದ ಅವನು ಗಾಬರಿಯಿಂದ ಎದ್ದು. "ಹಾಕಿದೀನಿ ಕಣೇ. ಇಲ್ಲೇ ಇದೀನಿ."

ಅವಳು ಹತ್ತಿರ ಬಂದು ಅವನ ಕೈ ಹಿಡಿದಳು. ಸೋಪಿನ ನೊರೆ ಇನ್ನೂ ಅವಳ ಬೆರಳುಗಳಲ್ಲಿತ್ತು. ಆ ಒದ್ದೆ ಬೆರಳುಗಳು ತಮ್ಮಷ್ಟಕ್ಕೆ ಅವನ ಮಣಿಕಟ್ಟಿಗೆ ಸರಿದು, ನಾಡಿ ಸಿಗುವ ಜಾಗ ಹುಡುಕಿ, ಅಲ್ಲಿ ನಿಂತವು. ಅದು ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು, ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಆದರೂ ಕೈ ಬಿಡಿಸಿಕೊಳ್ಳಲಿಲ್ಲ.